ಹಿಂದೆ ನೋಡುವ ಕೆಲಸ

ಒದ್ದೆ ದುಪ್ಪಟಿಯ ಒಂದು ತುದಿಯನ್ನು ಗಾಡಿಯ ಸೀಟಿನ ಬೆನ್ನಿಗೆ ಬಿಗಿದು ಕಟ್ಟಿ, ಇನ್ನೊಂದು ತುದಿಯನ್ನು ಎರಡು ಕೈಯಲ್ಲೂ ಹಿಡಿದು ತಿರುಚುತ್ತಿದ್ದಳು ಕಂಡಕ್ಟರಮ್ಮ. ನೀರು ಅಂಗಳದ ಕಲ್ಲಿನ ಮೇಲೆ ಸುರಿಯುತ್ತಿತ್ತು. ಅವಳಿಗೆ ಬೆನ್ನು ಹಾಕಿ ಗಾಡಿಯ ಮೇಲೆ ಗಂಡ ಕೂತಿದ್ದ. ಅವನ ಕೆಲಸ ಇಷ್ಟೇ: ಎರಡು ಸೀಟಿ ಕೇಳಿದರೆ ಗಾಡಿಯನ್ನು ಗೇಣುದ್ದ ಮುಂದೆ ಬಿಡುವುದು, ಒಂದು ಸೀಟಿ ಕೇಳಿದರೆ ನಿಲ್ಲಿಸುವುದು. ಗಾಡಿ ಮುಂದೆ ಹೋದಷ್ಟೂ ದುಪ್ಪಟಿ ಬಿಗಿಯುತ್ತಿತ್ತು, ಬಿಗಿದಷ್ಟೂ ನೀರು ಇಳಿಯುತ್ತಿತ್ತು. ಮಂಡಿ ಹೋದ ಗಂಡ ಬಟ್ಟೆ ಒಗೆಯುವ ದಿನ ಹೀಗಾದರೂ ಉಪಯೋಗಕ್ಕೆ ಬಂದನಲ್ಲ ಎಂದು ಅವಳಿಗೆ ಸಮಾಧಾನ. ತಾನಿನ್ನೂ ಒಂದು ವಾಹನದ ಮೇಲೆ ಡ್ಯೂಟಿಯಲ್ಲಿದ್ದೇನೆ ಎಂದು ಅವನಿಗೆ ಸಮಾಧಾನ.

ಗಾಡಿ ಅಂದರೆ ಭಾರಿ ಏನಲ್ಲ. ನಾಲ್ಕು ಗಿಡ್ಡ ಚಕ್ರ, ಮಧ್ಯೆ ಒಂದು ಕುರ್ಚಿ, ಮುಂದೆ ಹ್ಯಾಂಡಲ್ಲು, ಅದರ ಮುಂದೊಂದು ಬುಟ್ಟಿ. ನಡೆಯಲಾಗದವರು ಕೂತು ಓಡಾಡುವ ಬ್ಯಾಟರಿ ಸ್ಕೂಟರು. ಅದನ್ನು ಬಟ್ಟೆ ಹಿಂಡಲು ಬಳಸಬಾರದು ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಸೀಟಿಯನ್ನು ಕೊರಳಿಗೆ ಇಳಿಬಿಟ್ಟು ಬಟ್ಟೆ ಕ್ಲಿಪ್ಪುಗಳನ್ನು ಹಲ್ಲಲ್ಲಿ ಕಚ್ಚಿಕೊಂಡದ್ದೇ ಅವಳು ಮಾಡಿದ ತಪ್ಪು. ಅದೇ ಹೊತ್ತಿಗೆ ಪಕ್ಕದ ಮನೆಯ ಟೈಲರಮ್ಮನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹಿಂದೆಯೇ ಇನ್ನೊಂದು ಸಲ ಕೂಗಿತು.

ಎರಡು ಸೀಟಿ ಎಂದರೆ ಎರಡು ಸೀಟಿ. ಅದು ಬಾಯಿಂದ ಬಂತೋ ಕುಕ್ಕರಿನಿಂದ ಬಂತೋ ವಿಚಾರಿಸುವುದು ಡ್ರೈವರನ ಕೆಲಸವಲ್ಲ. ಗಾಡಿ ಹೊರಟಿತು. ಕಂಡಕ್ಟರಮ್ಮನ ಬಾಯಲ್ಲಿ ಕ್ಲಿಪ್ಪು, ಕೈಯಲ್ಲಿ ದುಪ್ಪಟಿ. ಬಿಟ್ಟರೆ ಒಗೆದದ್ದು ಮಣ್ಣುಪಾಲು, ಬಿಡದಿದ್ದರೆ ತಾನೇ ಮಣ್ಣುಪಾಲು. "ಮ್ ಮ್ ಮ್!" ಎಂದು ಮೂಗಿನಲ್ಲೇ ಕೂಗುತ್ತ ಹಿಂದೆ ಓಡಿದಳು. ಗಾಡಿ ಅಂಗಳ ದಾಟಿತು, ಗೇಟು ದಾಟಿತು, ದೊಡ್ಡ ಬಸ್ಸು ತಿರುಗುವ ಹಾಗೆ ಅಷ್ಟಗಲ ಸುತ್ತು ಹಾಕಿ ಎಡಕ್ಕೆ ತಿರುಗಿತು, ಸೈಕಲ್ಲಿನವನೊಬ್ಬನಿಗೆ ಮರ್ಯಾದೆಯಿಂದ ದಾರಿ ಬಿಟ್ಟಿತು, ಬೀದಿಯ ಕೊನೆಯ ಬಸ್ ಸ್ಟಾಪಿನ ಮುಂದೆ, ಬಿಳಿ ಗೆರೆಗೆ ಕೂದಲೆಳೆ ಆಚೀಚೆ ಆಗದಂತೆ ನಿಂತಿತು.

ಸ್ಟಾಪಿನಲ್ಲಿ ಕಾಯುತ್ತಿದ್ದವರು ಮೊದಲು ಗಾಡಿ ನೋಡಿದರು. ಆಮೇಲೆ ಅದರ ಹಿಂದೆ ಹಗ್ಗದಂತೆ ಹುರಿಗೊಂಡ ದುಪ್ಪಟಿ ನೋಡಿದರು. ಆಮೇಲೆ ಅದರ ತುದಿಯಲ್ಲಿ ಏದುಸಿರು ಬಿಡುತ್ತಿದ್ದ ಹೆಂಗಸನ್ನು ನೋಡಿದರು.

ಡ್ರೈವರ್ ಮಾತ್ರ ಕತ್ತು ತಿರುಗಿಸಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಮುಂದಿನ ರಸ್ತೆಯನ್ನೇ ನೋಡುತ್ತ ಕೇಳಿದ:

"ಎಲ್ಲಾ ಹತ್ತಿದ್ರಾ?"

ಈ ಗಂಡಹೆಂಡಿರನ್ನು ತಿಳಿಯಬೇಕಾದರೆ ಅವರ ಬಸ್ಸನ್ನು ತಿಳಿಯಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಇಬ್ಬರೂ ಒಂದೇ ಬಸ್ಸಿಗೆ ಬಿದ್ದವರು. ಗಾಜಿನ ಮುಂದಿನ ಪ್ರಪಂಚ ಅವನದು, ಅವನ ಬೆನ್ನ ಹಿಂದಿನ ಪ್ರಪಂಚವೆಲ್ಲ ಇವಳದು. ಹತ್ತುವವರು, ಇಳಿಯುವವರು, ಬಾಗಿಲಿಗೆ ಸಿಕ್ಕ ಚೀಲ, ಚಕ್ರದ ಹತ್ತಿರ ಉರುಳಿದ ಚೆಂಡು, ಎಲ್ಲಕ್ಕೂ ಇವಳ ಕಣ್ಣು. ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೊರಡು. ಬಸ್ಸು ಹಿಂದಕ್ಕೆ ಬರಬೇಕಾದರೆ ಇವಳು ಇಳಿದು ನಿಂತು ಸಣ್ಣ ಸಣ್ಣ ಸೀಟಿ ಬಿಡದೆ ಊದಬೇಕು, ಊದುವುದು ನಿಂತರೆ ಬಸ್ಸೂ ನಿಲ್ಲಬೇಕು. ಅವನು ಅಷ್ಟು ವರ್ಷದಲ್ಲಿ ಒಮ್ಮೆಯೂ ಹಿಂತಿರುಗಿ ನೋಡಿದವನಲ್ಲ. ನೋಡಿದರೆ ಅವಳ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ. ಡ್ರೈವರುಗಳಲ್ಲಿ ಅದೊಂದು ಮಾನದ ವಿಷಯ. ಮದುವೆಯಾದ ಮೇಲೂ ಅದೇ ಏರ್ಪಾಡು ಮುಂದುವರಿಯಿತು. ಅವನು ಮುಂದೆ ಮುಂದೆ ಹೋಗುತ್ತಿದ್ದ. ಆರಿಸದ ದೀಪ, ಮುಚ್ಚದ ನಲ್ಲಿ, ಬಿಚ್ಚಿ ಎಸೆದ ಕಾಲುಚೀಲ, ಇವೆಲ್ಲ ಹಿಂದಿನಿಂದ ಬರುವವಳ ಪಾಲು.

ಗಾಡಿ ಮಾರಿದವನು ಮನೆಗೇ ಬಂದು ಪಾಠ ಹೇಳಿಕೊಟ್ಟಿದ್ದ. ಹತ್ತುವ ಮೊದಲೂ ಇಳಿಯುವ ಮೊದಲೂ ಕೀ ತೆಗೆದಿರಬೇಕು, ಇಲ್ಲದಿದ್ದರೆ ಅಂಗಿಯ ತೋಳು ಲಿವರಿಗೆ ತಾಗಿ ಗಾಡಿ ನೆಗೆಯುತ್ತದೆ. ತಿರುವಿನಲ್ಲಿ ವೇಗದ ತಿರುಪು ಆಮೆಯ ಚಿತ್ರದ ಕಡೆ ಇರಬೇಕು, ಮೊಲದ ಕಡೆ ಅಲ್ಲ. ಫುಟ್‌ಪಾತಿನ ಇಳಿಜಾರನ್ನು ನೆಟ್ಟಗೆ ಹತ್ತಬೇಕು, ಓರೆ ಹತ್ತಿದರೆ ಮಗುಚುತ್ತದೆ. ಹ್ಯಾಂಡಲ್ಲಿಗೆ ಚೀಲ ತೂಗುಹಾಕಬಾರದು. ಪ್ರತಿಯೊಂದಕ್ಕೂ ಡ್ರೈವರ್ "ಗೊತ್ತಪ್ಪಾ, ಗೊತ್ತು" ಎಂದು ಆಕಳಿಸಿದ. ಕೊನೆಗೆ ಆ ಮನುಷ್ಯ, "ಹಿಂದಕ್ಕೆ ಬರುವಾಗ ತಿರುಗಿ ನೋಡ್ಬೇಕು ಸಾರ್, ಇದು ಬಹಳ ಮುಖ್ಯ," ಅಂದಾಗ ಡ್ರೈವರ್ ಹೆಬ್ಬೆರಳಿನಿಂದ ಹೆಂಡತಿಯ ಕಡೆ ತೋರಿಸಿ, "ಅದು ನನ್ನ ಡಿಪಾರ್ಟ್‌ಮೆಂಟಲ್ಲ," ಅಂದುಬಿಟ್ಟ.

ಅಂದಿನಿಂದ ಅವನು ಕ್ಷೌರಕ್ಕೆ ಹೋದರೂ, ಡಾಕ್ಟರ ಹತ್ತಿರ ಹೋದರೂ, ಸುಮ್ಮನೆ ಗಾಳಿಗೆ ಹೋದರೂ ಹಿಂದೆ ಇವಳು, ಇವಳ ಕೊರಳಲ್ಲಿ ಸೀಟಿ. ಗಾಡಿ ದಾರಿಯಲ್ಲಿ ಸಿಕ್ಕಿದ ಬಸ್ ಸ್ಟಾಪಿನಲ್ಲೆಲ್ಲ ನಿಲ್ಲುತ್ತಿತ್ತು. ಯಾಕೆ ನಿಂತಿರಿ ಎಂದರೆ, ಕಾಲಿಗೆ ಅಭ್ಯಾಸ ಅನ್ನುತ್ತಿದ್ದ. ಗಾಡಿ ನಿಲ್ಲಿಸುವುದು ಕೈಯಿಂದ ಎಂಬುದು ಬೇರೆ ಮಾತು. ಒಮ್ಮೆ ಕಣ್ಣು ಮಂಜಾದ ಅಜ್ಜಿಯೊಬ್ಬಳು "ಮಾರ್ಕೆಟ್ಟಿಗೆ ಹೋಗುತ್ತಾ?" ಎಂದು ಕೇಳಿ ಬುಟ್ಟಿಯಲ್ಲಿ ಕಾಲಿಡಲು ನೋಡಿದ್ದಳು.

ನಗುವವರಿಗೆ ಇದು ನಗೆ. ಕಂಡಕ್ಟರಮ್ಮನಿಗೆ ಇದರಿಂದ ಒಂದು ಪತ್ರ ನಿಂತುಹೋಗಿತ್ತು.

ಅವಳಿಗೊಬ್ಬ ತಂಗಿ, ದೂರದ ಸಮುದ್ರದ ಊರಿನಲ್ಲಿ. ಕಿವಿ ಪೂರಾ ಮಂದ, ಫೋನಿನಲ್ಲಿ ಮಾತಾಡಿದರೆ ಗೋಡೆಯ ಜೊತೆ ಮಾತಾಡಿದಂತೆ. ಹಾಗಾಗಿ ಅಕ್ಕತಂಗಿಯರದು ಇಂದಿಗೂ ಕಾಗದದ ವ್ಯವಹಾರ. "ಅಕ್ಕಾ, ಜನ್ಮವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದೆ. ಒಂದು ಸಲ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತು ಬಾ. ತಿಂಗಳು ಇದ್ದು ಹೋಗು. ಇಬ್ಬರೂ ನೀರಿನಲ್ಲಿ ಕಾಲು ಇಳಿಬಿಟ್ಟು ಊರವರ ಮೇಲೆಲ್ಲ ಚಾಡಿ ಹೇಳೋಣ," ಎಂದು ತಂಗಿ ಬರೆದಿದ್ದಳು. ಅದಕ್ಕೆ ಉತ್ತರ ಬರೆದಾಗಿತ್ತು: "ಬರುತ್ತೇನೆ. ಮುಂದಿನ ತಿಂಗಳು ಮೊದಲನೇ ಸೋಮವಾರ ಸ್ಟಾಪಿಗೆ ಬಂದು ನಿಂತಿರು." ಅಂಟು ಹಚ್ಚಿ, ಸ್ಟಾಂಪು ಅಂಟಿಸಿ, ಮೇಜಿನ ಖಾನೆಯಲ್ಲಿ ಇಟ್ಟಾಗಿತ್ತು. ಮುಂದಿನ ತಿಂಗಳು ಎಂದು ಬರೆದದ್ದೇ ಒಳ್ಳೆಯದಾಯಿತು. ಯಾವ ತಿಂಗಳು ಹಾಕಿದರೂ ನಡೆಯುತ್ತಿತ್ತು.

ಹಾಕಲಿಕ್ಕೇ ಆಗಲಿಲ್ಲ. ಬರುತ್ತೇನೆ ಅಂದ ಮೇಲೆ ಬರಬೇಕು. ಇವಳು ಹೋದರೆ ಗಾಡಿಯ ಹಿಂದೆ ಯಾರು? ಬೀದಿಯಲ್ಲಿ ಮಕ್ಕಳು ಆಡುತ್ತವೆ, ಬೆಕ್ಕು ಮಲಗುತ್ತದೆ, ಟೈಲರಮ್ಮ ಬಾಗಿಲಲ್ಲೇ ಸ್ಟೂಲು ಹಾಕಿ ಗುಂಡಿ ಹೊಲಿಯುತ್ತಾಳೆ. ಇವನು ಹಿಂದೆ ನೋಡದೆ ರಿವರ್ಸ್ ಒತ್ತಿದರೆ? ಚರಂಡಿಗೆ ಬಿದ್ದರೆ ಎತ್ತುವವರು ಯಾರು? ಯೋಚಿಸಿದಷ್ಟೂ ಖಾನೆ ಮುಚ್ಚಿಯೇ ಇರುತ್ತಿತ್ತು.

ದುಪ್ಪಟಿ ಬಸ್ ಸ್ಟಾಪಿಗೆ ಹೋದ ದಿನ ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಹೇಳಿದಳು, "ಕಂಡಕ್ಟರಮ್ಮಾ, ನಿಮ್ಮ ಆ ಪತ್ರ ಖಾನೆಯಲ್ಲೇ ಮುದುಕಿ ಆಗುತ್ತೆ ನೋಡಿ. ಅವರಿಗೆ ಹಿಂದೆ ನೋಡೋದು ಕಲಿಸಿ, ಇಲ್ಲಾ ಸಮುದ್ರಾನೇ ಇಲ್ಲಿಗೆ ತರಿಸಿ."

"ಕಲಿಸ್ತೀನಿ," ಅಂದಳು ಕಂಡಕ್ಟರಮ್ಮ. "ತುಂಬಿದ ಬಸ್ಸಲ್ಲಿ ಜನಕ್ಕೆ ಒಳಗೆ ಸರೀರಿ ಅಂತ ಕಲಿಸಿದೋಳು ನಾನು. ಇವರು ಯಾವ ಲೆಕ್ಕ?"

ಮರುದಿನದಿಂದ ಅಂಗಳದಲ್ಲಿ ಪಾಠ ಶುರುವಾಯಿತು. ಕೀ ತೆಗೆಯುವುದು ಬಂತು. ಆಮೆ ಮೊಲ ಬಂತು. ಇಳಿಜಾರಿನಲ್ಲಿ ಮುಂದಕ್ಕೆ ಬಾಗುವುದೂ ಬಂತು. ಮುಂದಿನ ವಿದ್ಯೆಯಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ. ಹಿಂದೆ ನೋಡುವ ಪಾಠ ಬಂದಾಗ ಮಾತ್ರ ಗಾಡಿ ಕೆಟ್ಟು ನಿಂತಂತಾಯಿತು.

"ಕತ್ತು ತಿರುಗಲ್ಲ ಕಣೇ," ಅಂದ ಡ್ರೈವರ್. "ಇಲ್ಲಿ ಏನೋ ಹಿಡ್ಕೊಂಡಿದೆ. ಕಟ್ ಅಂತದೆ."

"ನಿನ್ನೆ ಬೀದೀಲಿ ಜಗಳ ಆದಾಗ ಗಿರಗಿಟ್ಲೆ ಥರ ತಿರುಗಿತ್ತಲ್ರೀ!"

"ಅದಕ್ಕೇ ಇವತ್ತು ಹಿಡ್ಕೊಂಡಿರೋದು."

ಅವಳು ಎಣ್ಣೆ ಕಾಯಿಸಿ ತಿಕ್ಕಿದಳು. ಬಿಸಿನೀರಿನ ಬಟ್ಟೆ ಇಟ್ಟಳು. ಕತ್ತು ಜಪ್ಪಯ್ಯ ಅನ್ನಲಿಲ್ಲ. ಸೈಕಲ್ ಅಂಗಡಿಯಿಂದ ಕನ್ನಡಿ ತಂದು ಹ್ಯಾಂಡಲ್ಲಿಗೆ ತಿರುಪು ಹಾಕಿ ಕೂರಿಸಿದಳು.

"ಈಗ ನೋಡಿ. ಕನ್ನಡೀಲಿ ಏನು ಕಾಣುತ್ತೆ?"

ಅವನು ಮೀಸೆ ತೀಡಿಕೊಂಡ. "ಒಬ್ಬ ಲಕ್ಷಣವಾದ ಗಂಡಸು."

ಸಂಜೆಯೊಳಗೆ ಕನ್ನಡಿಯ ಪಕ್ಕದಲ್ಲಿ ಬಾಚಣಿಗೆಯೂ ಬಂದು ಕೂತಿತು. ಸೀಟಿ ಇಲ್ಲದೆ ಹಿಂದಕ್ಕೆ ಬರಲು ಹೇಳಿದರೆ ಟೈಲರಮ್ಮನ ಸ್ಟೂಲಿಗೆ ಗುದ್ದುತ್ತಿದ್ದ, ನೀರಿನ ಡ್ರಮ್ಮಿಗೆ ಗುದ್ದುತ್ತಿದ್ದ, ಗುದ್ದಿ "ಅಯ್ಯೋ, ನಾನು ಹೇಳಿರ್ಲಿಲ್ವಾ? ನೀನಿಲ್ದೆ ಆಗಲ್ಲ," ಅನ್ನುತ್ತಿದ್ದ. ಆ ಅಯ್ಯೋದಲ್ಲಿ ಕಂಡಕ್ಟರಮ್ಮನಿಗೆ ಏನೋ ಒಂದು ಕಿವಿಗೆ ತಾಗುತ್ತಿತ್ತು. ಏನೆಂದು ಗೊತ್ತಾಗಲಿಲ್ಲ. ಸೋತೆ ಅಂದುಕೊಂಡಳು. ಖಾನೆ ಎಳೆದು ಪತ್ರ ನೋಡಿದಳು, ಅಂಟು ಬಿಟ್ಟಿದ್ದ ಮೂಲೆಗೆ ಎಂಜಲು ಹಚ್ಚಿ ಒತ್ತಿ, ಮತ್ತೆ ಒಳಗಿಟ್ಟಳು.

ಅನುಮಾನ ಹುಟ್ಟಿದ್ದು ಬ್ಯಾಟರಿಯಿಂದ. ಬೆಳಿಗ್ಗೆ ತುಂಬ ಚಾರ್ಜ್ ಮಾಡಿಟ್ಟ ಗಾಡಿ. ಮಧ್ಯಾಹ್ನ ಊಟವಾಗಿ ಅವಳು ಒಂದು ನಿದ್ದೆ ತೆಗೆದು ಎದ್ದು ನೋಡಿದರೆ ಹ್ಯಾಂಡಲ್ಲಿನ ಮೇಲಿನ ಹಸಿರು ದೀಪಗಳಲ್ಲಿ ಒಂದು ಆರಿರುತ್ತಿತ್ತು. ನಿಂತಲ್ಲೇ ನಿಂತ ಗಾಡಿಗೆ ಹಸಿವಾಗುತ್ತದೆಯೇ? ಇನ್ನೊಂದು ದಿನ ಚಕ್ರದಲ್ಲಿ ಹಸಿ ಕೆಸರು. ಮತ್ತೊಂದು ದಿನ ಬುಟ್ಟಿಯ ತಳದಲ್ಲಿ ಬಿಳಿ ಪುಡಿ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟಳು. ಸಕ್ಕರೆ! ಡಾಕ್ಟರು ಅವನಿಗೆ ಸಕ್ಕರೆಯ ಹೆಸರೂ ಎತ್ತಬೇಡಿ ಅಂದಿದ್ದರು.

ಅವಳು ತಲೆಯೆತ್ತಿ ಗಂಡನ ಮುಖ ನೋಡಿದಳು. ಡ್ರೈವರ್ ಕಿಟಕಿಯಾಚೆ ಆಕಾಶವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಈ ನೋಟ ಅವಳಿಗೆ ಗೊತ್ತು. ಬಸ್ಸಿನಲ್ಲಿ ಟಿಕೆಟ್ ತೆಗೆಯದೆ ಕೂತವನು ಕಂಡಕ್ಟರ್ ಹತ್ತಿರ ಬಂದಾಗ ಹೀಗೆಯೇ ಕಿಟಕಿಯಾಚೆ ನೋಡುತ್ತಾನೆ, ಅಲ್ಲಿ ಸಗಣಿ ಬಿದ್ದಿದ್ದರೂ ಸೂರ್ಯೋದಯ ನೋಡಿದ ಹಾಗೆ.

ಮರುದಿನ ಊಟವಾದ ಮೇಲೆ ಕಂಡಕ್ಟರಮ್ಮ ಚಾಪೆ ಹಾಸಿ ಮಲಗಿದಳು. ಗೊರಕೆಯನ್ನೂ ಹೊಡೆದಳು, ಅತಿಯಾಗದಂತೆ, ಹದವಾಗಿ. ಸ್ವಲ್ಪ ಹೊತ್ತಿಗೆ ಬಾಗಿಲು ಕಿರ್ ಅಂದಿತು. ಅವಳು ಸೀಟಿಯನ್ನು ಮೊಳೆಗೆ ನೇತುಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆಯೇ ಹೊರಟಳು.

ಅವನ ಹಿಂದೆ ಹೋಗುವುದೇನು ಮಹಾ ಎಂದು ಅವಳ ಲೆಕ್ಕಾಚಾರ. ಜನ್ಮದಲ್ಲಿ ಹಿಂದೆ ನೋಡದ ಮನುಷ್ಯ. ಬ್ಯಾಂಡು ಬಾರಿಸಿಕೊಂಡು ಹೋದರೂ ನಡೆದೀತು. ಆದರೆ ಗೇಟಿನ ಹತ್ತಿರ ಬಂದಾಗಲೇ ಲೆಕ್ಕ ತಪ್ಪಿತು. ಡ್ರೈವರ್ ಗಾಡಿ ನಿಲ್ಲಿಸಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಆ ಹಿಡಿದುಕೊಂಡ ಕತ್ತನ್ನು ಗೂಬೆಯ ಹಾಗೆ ಪೂರ್ತಿ ತಿರುಗಿಸಿ ಹಿಂದೆ ನೋಡಿದ!

ಕಂಡಕ್ಟರಮ್ಮ ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಅಲ್ಲಿಂದ ಶುರುವಾಯಿತು ಅವಳ ಫಜೀತಿ. ಪ್ರತಿ ತಿರುವಿಗೂ ಅವನು ತಿರುಪನ್ನು ಆಮೆಗೆ ಇಳಿಸುತ್ತಿದ್ದ, ಪ್ರತಿ ತಿರುವಿಗೂ ಹಿಂದೆ ನೋಡುತ್ತಿದ್ದ, ಪ್ರತಿ ಸಲವೂ ಇವಳು ಯಾವುದಾದರೊಂದರ ಹಿಂದೆ ಹಾರಬೇಕು. ಒಮ್ಮೆ ಹಣ್ಣಿನ ತಳ್ಳುಗಾಡಿ. ಒಮ್ಮೆ ದಢೂತಿ ಮನುಷ್ಯನೊಬ್ಬನ ಬೆನ್ನು. ಅವನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದಳು, ಅವನು ಗಾಬರಿಯಾಗಿ ಬೇಗ ಬೇಗ ನಡೆದ, ಇವಳೂ ಬೇಗ ಬೇಗ ನಡೆದಳು. ರಸ್ತೆ ದಾಟುವಲ್ಲಿ ಅಡಗಲು ಏನೂ ಸಿಗದೆ ಕ್ಷೌರದಂಗಡಿಗೆ ನುಗ್ಗಿ ಖಾಲಿ ಕುರ್ಚಿಯಲ್ಲಿ ಕೂತಳು.

ಕ್ಷೌರಿಕ ಕತ್ತರಿ ಹಿಡಿದು ನಿಂತ. "ಏನ್ ಮಾಡ್ಲಮ್ಮಾ?"

"ಏನೂ ಬೇಡಪ್ಪ. ಇದ್ದಷ್ಟು ಕೂದಲು ಅಲ್ಲೇ ಇರ್ಲಿ. ಆ ಗಾಡಿ ರಸ್ತೆ ದಾಟ್ತಾ ನೋಡಿ ಹೇಳು."

"ಯಾವುದು, ಡ್ರೈವರಣ್ಣಂದಾ? ಲಾರಿ ಹೋಗ್ಲಿ ಅಂತ ಕಾಯ್ತಾ ಇದಾರೆ. ಹಾಂ, ದಾಟಿದ್ರು. ಇಳಿಜಾರು ನೆಟ್ಟಗೆ ಹತ್ತಿದ್ರು. ಈ ಬೀದೀಲಿ ಇಷ್ಟು ಜಾಗ್ರತೆ ಇರೋ ಗಾಡಿ ಇನ್ನೊಂದಿಲ್ಲ ನೋಡಿ."

ಅವಳಿಗೆ ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಗಾಡಿ ನಿಂತದ್ದು ಬೇಕರಿಯ ಮುಂದೆ. ಸೋಡಾ ಕ್ರೇಟು ಒಂದು ಕಡೆ, ಬ್ರೆಡ್ಡಿನ ಟ್ರೇ ಇನ್ನೊಂದು ಕಡೆ. ನಡುವಿನ ಇಕ್ಕಟ್ಟಿನಲ್ಲಿ ಡ್ರೈವರ್ ತಿರುಗಿ ನೋಡುತ್ತ, ಹೀಗೆ ಬಂದು ಹಾಗೆ ಸರಿದು, ಒಂದು ಟ್ರೇಯನ್ನೂ ಸೋಕದೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಿ ಕೀ ತೆಗೆದ. ಕಂಡಕ್ಟರಮ್ಮ ಪಕ್ಕದ ಅಂಗಡಿಯ ನೇತುಹಾಕಿದ ಬಕೆಟ್ಟುಗಳ ಹಿಂದೆ ನಿಂತು ಕಿವಿ ಕೊಟ್ಟಳು.

"ಆಹಾ, ರಿವರ್ಸ್ ಅಂದ್ರೆ ಇದು ಡ್ರೈವರಣ್ಣ! ಮೊಸರಲ್ಲಿ ಕೂದಲು ತೆಗೆದ ಹಾಗೆ," ಅಂದ ಬೇಕರಿಯವನು, ಕ್ರೀಮ್ ಬನ್ನು ಕೈಗಿಡುತ್ತ.

"ಮೆಲ್ಲಗೆ ಮಾರಾಯ. ಅವಳಿಗೆ ಬೆನ್ನಲ್ಲೂ ಕಿವಿ ಇದೆ."

"ಬನ್ ತಿಂದದ್ದು ಗೊತ್ತಾದ್ರೆ ಬೈತಾರಾ?"

"ಬನ್ನಿಗೆ ಬೈದ್ರೆ ಬೈಸ್ಕೋಬಹುದು. ಕತ್ತು ತಿರುಗುತ್ತೆ ಅಂತ ಗೊತ್ತಾದ್ರೆ ಮಾತ್ರ ಕೆಟ್ಟೆ. ಮಾರನೇ ದಿನವೇ ತಂಗಿ ಮನೆ, ಸಮುದ್ರ. ಅಲ್ಲಿ ಹೋಗಿ ಕೂತರೆ ಅವಳು ಏಳೋದು ಯಾವಾಗಲೋ. ಅದಕ್ಕೇ ವಾರಕ್ಕೊಂದು ಸಲ ನೀರಿನ ಡ್ರಮ್ಮಿಗೆ ಗುದ್ದಿಬಿಡ್ತೀನಿ. ಡ್ರಮ್ಮಿಗೇನು ನೋವಾಗುತ್ತಾ?"

ಬಕೆಟ್ಟುಗಳ ಹಿಂದೆ ಕಂಡಕ್ಟರಮ್ಮನಿಗೆ ಕಾಲಿನಿಂದ ಸಿಟ್ಟು ಏರಿತು, ತಲೆಯಿಂದ ನಗು ಇಳಿಯಿತು, ಎರಡೂ ಎದೆಯಲ್ಲಿ ಡಿಕ್ಕಿ ಹೊಡೆದು ಬಿಕ್ಕಳಿಕೆ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಗಾಡಿ ಹೊರಟುಹೋದ ಮೇಲೆ ಬೇಕರಿಯೊಳಗೆ ಕಾಲಿಟ್ಟಳು. ಅವಳನ್ನು ಕಂಡು ಬೇಕರಿಯವನ ಮುಖ ಹಿಟ್ಟಿಗಿಂತ ಬಿಳುಪಾಯಿತು.

"ಹೆದರ್ಬೇಡಪ್ಪ. ಕ್ರೀಮ್ ಬನ್ನು ಒಂದು ಡಬ್ಬಿ ಕಟ್ಟು. ಡಬ್ಬಿ ಸ್ವಲ್ಪ ತೆಳ್ಳಗಿರ್ಲಿ."

ಅವನಿಗಿಂತ ಮೊದಲು ಮನೆ ಸೇರುವುದು ಕಷ್ಟವಾಗಲಿಲ್ಲ. ಅವನಿಗೆ ದಾರಿಯಲ್ಲಿ ಬಸ್ ಸ್ಟಾಪುಗಳಿದ್ದವು.

ಬಿಸಿಲು ಇಳಿದ ಮೇಲೆ ಕಂಡಕ್ಟರಮ್ಮ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಅಂಗಳಕ್ಕೆ ಬಂದಳು. ಟೈಲರಮ್ಮ ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದಳು. ಅವಳಿಗೆ ಮೊದಲೇ ಕಣ್ಸನ್ನೆ ಹೋಗಿತ್ತು.

"ಬನ್ರೀ, ಒಂದ್ ಸಲ ರಿವರ್ಸ್ ಪ್ರಾಕ್ಟೀಸ್ ಮಾಡೋಣ."

"ಕತ್ತು ಕಣೇ..." ಎಂದು ಡ್ರೈವರ್ ಮುಖ ಹಿಂಡಿದ.

"ಗೊತ್ತು ಗೊತ್ತು, ಪಾಪ. ನೀವು ನೋಡ್ಬೇಡಿ. ನೋಡೋಕೆ ನಾನಿದೀನಲ್ಲ. ನಾನು ಊದ್ತೀನಿ, ನೀವು ಬನ್ನಿ. ಊದೋದು ನಿಲ್ಲೋ ತನಕ ನಿಲ್ಲಿಸ್ಬೇಡಿ."

ಡ್ರೈವರ್ ಖುಷಿಯಿಂದ ಹತ್ತಿದ. ಅವಳು ಡಬ್ಬಿಯ ಮುಚ್ಚಳ ತೆಗೆದು ಗಾಡಿಯ ಹಿಂದೆ, ಚಕ್ರದ ದಾರಿಗೆ ನೇರವಾಗಿ ನೆಲದ ಮೇಲಿಟ್ಟಳು. ಆರು ಕ್ರೀಮ್ ಬನ್ನು, ಮೇಲೆ ಸಕ್ಕರೆ ಪುಡಿ, ಬೆಳ್ಳಗೆ ಉಬ್ಬಿಕೊಂಡು ಕೂತಿದ್ದವು. ಆಮೇಲೆ ದೂರ ನಿಂತು ಊದಿದಳು: ಪೀ, ಪೀ, ಪೀ, ಪೀ.

ಗಾಡಿ ಕೀಂ ಕೀಂ ಎಂದು ಹಿಂದಕ್ಕೆ ಬಂತು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಡ್ರೈವರನ ಮೂಗಿನ ಹೊಳ್ಳೆ ಅರಳಿತು. ಮೀಸೆ ನಡುಗಿತು. ಕಣ್ಣು ಕನ್ನಡಿಯ ಕಡೆ ಒಂದು ಸಲ ಓಡಿತು. ಆದರೆ ಕನ್ನಡಿ ಮೀಸೆಯ ಅಳತೆಗೆ ತಿರುಗಿತ್ತು, ಅದರಲ್ಲಿ ಮೀಸೆ ಬಿಟ್ಟು ಬೇರೇನೂ ಕಾಣಲಿಲ್ಲ. ಸೀಟಿ ನಿಲ್ಲಲಿಲ್ಲ. ಪೀ, ಪೀ, ಪೀ. ಚಕ್ರ ಡಬ್ಬಿಗೆ ಇನ್ನು ಅಂಗೈ ಅಗಲ. ಇನ್ನು ಬೆರಳಗಲ.

ಕತ್ತು ತಿರುಗಿತು. ಪೂರ್ತಿ ತಿರುಗಿತು. ಗಾಡಿ ಗಕ್ಕನೆ ನಿಂತಿತು.

ಕಂಡಕ್ಟರಮ್ಮ ಇನ್ನೂ ಊದುತ್ತಲೇ ಇದ್ದಳು. ಸಾವಕಾಶ ಸೀಟಿ ಬಾಯಿಂದ ತೆಗೆದಳು.

"ಯಾಕೆ ನಿಲ್ಲಿಸಿದ್ರಿ ಡ್ರೈವರೇ? ನಾನಿನ್ನೂ ಊದ್ತಾ ಇದೀನಲ್ಲ."

ಡ್ಯೂಟಿಯಲ್ಲಿದ್ದಾಗ ಮಾತ್ರ ಅವಳು ಅವನನ್ನು ಹಾಗೆ ಕರೆಯುತ್ತಿದ್ದಳು. ಡ್ರೈವರ್ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡ.

"ಅಲ್ಲ... ಏನೋ... ವಾಸನೆ ಬಂದ ಹಾಗಾಯ್ತು."

"ವಾಸನೆಗೆ ಕತ್ತು ತಿರುಗುತ್ತಾ? ನಾನು ತಿಂಗಳುಗಟ್ಟಲೆ ಎಣ್ಣೆ ಸುರಿದ್ನಲ್ರೀ! ಮೊದಲೇ ಹೇಳಿದ್ರೆ ಬನ್ನೇ ತಿಕ್ತಿದ್ದೆ."

ಟೈಲರಮ್ಮ ಗುಂಡಿ ನುಂಗಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. "ಡ್ರೈವರಣ್ಣ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತು ಅನ್ನೋದು ಕೇಳಿದ್ದೆ. ಕತ್ತು ಹಿಡಿಸಿಕೊಂಡು ಬನ್ ತಿನ್ನೋದು ಇವತ್ತೇ ನೋಡಿದ್ದು," ಎಂದು ಹೇಳಿ, ಗಂಡಹೆಂಡಿರ ನಡುವೆ ತನಗೇನು ಕೆಲಸ ಎಂದು ಸ್ಟೂಲು ಎತ್ತಿಕೊಂಡು ಒಳಗೆ ಹೋದಳು. ಕಿಟಕಿಯ ಹತ್ತಿರ ಮಾತ್ರ ಕೂತಳು.

ಡ್ರೈವರ್ ಕೀ ತೆಗೆದ. ಇಳಿಯಲಿಲ್ಲ. ಹ್ಯಾಂಡಲ್ಲಿನ ಮೇಲೆ ಕೈಯಿಟ್ಟುಕೊಂಡು ಮುಂದಿನ ಗೋಡೆ ನೋಡುತ್ತ ಕೂತ. ಕಂಡಕ್ಟರಮ್ಮ ಬಯ್ಯಲೆಂದು ಗಾಡಿ ಸುತ್ತಿದಳು. ಬಂದು ಬುಟ್ಟಿಯ ಮುಂದೆ ನಿಂತಳು, ಅವನಿಗೆ ಕಾಣುವ ಹಾಗೆ.

"ಬೇಕರಿ ಹತ್ರ ನಾನೂ ಇದ್ದೆ," ಅಂದಳು.

"ಎಲ್ಲಿ? ನಾನು ಪ್ರತಿ ತಿರುವಿಗೂ ಹಿಂದೆ ನೋಡಿದ್ನಲ್ಲ!"

"ಅದೇ ಅಲ್ವಾ ನಾನು ಹೇಳ್ತಿರೋದು."

ತನ್ನ ಬಾಯಿಂದಲೇ ಸಿಕ್ಕಿಬಿದ್ದದ್ದು ತಿಳಿದು ಅವನಿಗೂ ನಗು ಬಂತು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ನೋಡೇ," ಅಂದ ಅವನು. "ಗಾಡಿ ಓಡಿಸೋಕೆ ನಂಗೆ ಭಯ ಇಲ್ಲ. ತಿರುಗಿ ನೋಡೋಕೂ ಬರುತ್ತೆ. ಆದ್ರೆ ತಿರುಗಿ ನೋಡಿದಾಗ ಹಿಂದೆ ನೀನಿರಲ್ಲ ಅಲ್ವಾ. ಆ ಬೇಕರಿ ದಾರೀಲಿ ಪ್ರತಿ ತಿರುವಿಗೂ ಅದೇ ಆಗುತ್ತೆ. ರಸ್ತೆ ಕಾಣುತ್ತೆ, ಸೈಕಲ್ ಕಾಣುತ್ತೆ, ನೀನು ಕಾಣಲ್ಲ. ಬನ್ ತಿಂದ್ಮೇಲೆ ಸ್ವಲ್ಪ ಸರಿ ಹೋಗುತ್ತೆ."

ಕಂಡಕ್ಟರಮ್ಮ ಬುಟ್ಟಿಯ ಅಂಚು ಹಿಡಿದಳು. ತಾನು ಹಿಂದೆ ನಿಂತದ್ದು ಅವನು ಬೀಳದಿರಲಿ ಎಂದು. ಅವನು ತನ್ನನ್ನು ಹಿಂದೆ ನಿಲ್ಲಿಸಿಕೊಂಡದ್ದು ಬೇರೆ ಯಾವುದಕ್ಕೋ. ಇಷ್ಟು ವರ್ಷ ಒಂದೇ ಬಸ್ಸಿನಲ್ಲಿ ಇದ್ದೂ ಇದು ಗೊತ್ತಿರಲಿಲ್ಲವಲ್ಲ ಅನ್ನಿಸಿತು. ಕೈಚಾಚಿ ಅವನ ಅಂಗಿಯ ಮೇಲಿದ್ದ ಸಕ್ಕರೆ ಪುಡಿ ಒರೆಸಿದಳು.

"ನಾನು ಸಮುದ್ರ ನೋಡಿ ಅಲ್ಲೇ ಕೂತುಬಿಡ್ತೀನಿ ಅಂದ್ರಂತೆ?"

"ಕೂತ್ರೆ?"

"ಹೋಗೋಕೂ ಬರೋಕೂ ಒಟ್ಟಿಗೇ ಟಿಕೆಟ್ ತೆಗಿಸ್ತೀನಿ. ತೆಗೆಸಿದ ಟಿಕೆಟ್ ವೇಸ್ಟ್ ಮಾಡೋ ಕಂಡಕ್ಟರನ್ನ ನೀವು ನೋಡಿದೀರಾ?"

ಅವನು ಯೋಚಿಸಿದ. ಇಲ್ಲ, ನೋಡಿರಲಿಲ್ಲ.

"ಮತ್ತೆ ಊಟ?"

"ಟೈಲರಮ್ಮ ಕೊಡ್ತಾಳೆ. ಅವಳ ಕುಕ್ಕರ್ ಕೂಗಿದ್ರೆ ಗೇಟು ದಾಟ್ಬೇಡಿ, ತಟ್ಟೆ ತಗೊಂಡು ಹೋಗಿ."

ಕಿಟಕಿಯೊಳಗಿನಿಂದ ಯಾರೋ ನಕ್ಕರು.

ಕಂಡಕ್ಟರಮ್ಮ ಒಳಗೆ ಹೋಗಿ ಖಾನೆ ಎಳೆದಳು. ಹೊರಗೆ ಬಂದು ಪತ್ರವನ್ನು ಗಾಡಿಯ ಬುಟ್ಟಿಯಲ್ಲಿಟ್ಟಳು.

"ಇದೇನು?"

"ನಿಮ್ಮ ದಂಡ. ಟಿಕೆಟ್ ಇಲ್ಲದೆ ಓಡಾಡಿದ್ದಕ್ಕೆ. ಹೋಗಿ ಡಬ್ಬಿಗೆ ಹಾಕಿ ಬನ್ನಿ. ಒಬ್ಬರೇ."

"ಪೋಸ್ಟ್ ಡಬ್ಬಿ ರಸ್ತೆ ಆ ಕಡೆ ಇದೆ ಕಣೇ."

"ಬೇಕರಿ ಈ ಕಡೆ ಇದೆಯಾ?"

ಡ್ರೈವರ್ ಕನ್ನಡಕ ಸರಿಮಾಡಿಕೊಂಡ. ಕೀ ಹಾಕಿದ. ಗೇಟಿನ ತನಕ ಹೋಗಿ ಕಾಯುತ್ತ ನಿಂತ. ಅವಳು ಕೈಕಟ್ಟಿ ಸುಮ್ಮನೆ ನಿಂತಿದ್ದಳು. ಊದಬೇಕು ಎಂದು ತುಟಿ ತುರಿಸಿತು, ತಡೆದುಕೊಂಡಳು. ಕೊನೆಗೆ ಅವನೇ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಹಿಂದೆ ತಿರುಗಿ ಅವಳನ್ನು ನೋಡಿ, ಹೊರಟ.

ಗೇಟಿಗೆ ಒರಗಿ ಅವಳು ನೋಡಿದಳು. ಗಾಡಿ ಫುಟ್‌ಪಾತಿನ ಮೇಲೆ ಹೋಯಿತು. ಬಸ್ ಸ್ಟಾಪಿನಲ್ಲಿ ನಿಂತಿತು, ಯಾರೂ ಹತ್ತಲಿಲ್ಲ, ಮುಂದಕ್ಕೆ ಹೋಯಿತು. ಇಳಿಜಾರಿನಲ್ಲಿ ನೆಟ್ಟಗೆ ಇಳಿಯಿತು. ರಸ್ತೆಯಂಚಿನಲ್ಲಿ ಒಂದು ಕಾರಿಗೆ, ಒಂದು ಹಾಲಿನ ವ್ಯಾನಿಗೆ ದಾರಿ ಬಿಟ್ಟು ದಾಟಿತು. ಅರ್ಧ ದಾರಿಯಲ್ಲಿ ಹೆದರಿ ತಿರುಗಬಹುದು ಎಂದುಕೊಂಡಿದ್ದಳು, ತಿರುಗಲಿಲ್ಲ. ಆ ಕಡೆಯ ಡಬ್ಬಿಯ ಮುಂದೆ ನಿಂತು ಅವನು ಪತ್ರ ಕೈಗೆತ್ತಿಕೊಂಡ. ವಿಳಾಸ ಓದಿದ. ಹಿಂದುಮುಂದು ತಿರುಗಿಸಿ ನೋಡಿದ. ಅಲ್ಲಿಂದಲೇ ರಸ್ತೆಗೆ ಅಡ್ಡವಾಗಿ ಕೂಗಿದ:

"ಸ್ಟಾಂಪು ಹಳೇದಾಗಿದೆ! ನಡೆಯುತ್ತಾ?"

"ನಡೆಯುತ್ತೆ!" ಎಂದು ಇವಳು ಕೂಗಿದಳು.

"ಮಸಿ ಸ್ವಲ್ಪ ಮಾಸಿದೆ!"

"ಹಾಕ್ರೀ!"

ಡಬ್ಬಿಯ ಬಾಯಿ ಕೂತವನ ಕೈಗೆ ಕೊಂಚ ಎತ್ತರ. ಅವನು ಗಾಡಿಯನ್ನು ಹಿಂದಕ್ಕೆ ತೆಗೆದ, ಮತ್ತೆ ಓರೆಯಾಗಿ ಪಕ್ಕಕ್ಕೆ ತಂದು ನಿಲ್ಲಿಸಿದ, ಕೀ ತೆಗೆದು ಜೇಬಿಗೆ ಹಾಕಿಕೊಂಡ. ಒಂದು ಕೈಯಲ್ಲಿ ಸೀಟಿನ ತೋಳು ಹಿಡಿದು, ಇನ್ನೊಂದು ಕೈ ಚಾಚಿ, ಮಣಿಕಟ್ಟಿನ ತನಕ ಡಬ್ಬಿಯೊಳಗೆ ತೂರಿಸಿದ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಬೆರಳು ಬಿಟ್ಟ.